ಇಪ್ಪತ್ತೆರಡು ಹೆಜ್ಜೆ

ಪೊನ್ನಂಪೇಟೆ ಕೋರ್ಟಿನ ಗೇಟಿನೊಳಗೆ
ಟಾರ್ಪಾಲಿನ ಕೆಳಗೆ ನನ್ನ ಮೇಜು.
ಟೈಪ್ ಮೊಣ್ಣಪ್ಪ ಎಂದರೆ ಬಾಳೆಲೆಯವರೆಗೂ ಗೊತ್ತು.
ಪುಟಕ್ಕೆ ನಲವತ್ತು. ಕಾರ್ಬನ್ ಪ್ರತಿಗೆ ಹತ್ತು.
'ಸದರಿ'ಯ ಸ ಸವೆದು ಉಗುರು ಕತ್ತರಿಸಿದ ಹಾಗೆ ಬೀಳುತ್ತದೆ,
ಯಾವ ಸಾಹೇಬರೂ ಈವರೆಗೆ ತಕರಾರು ಎತ್ತಿಲ್ಲ.

ಬೊಳ್ಚಿ ಮೊದಲ ಸಲ ಬಂದದ್ದು ಕಾಫಿ ಕುಯ್ಲು ಮುಗಿದ ಮೇಲೆ.
ಸೆರಗಿನ ಗಂಟಿನಲ್ಲಿ ಮಡಚಿದ ಪಾಸ್‌ಬುಕ್ಕು.
ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯಿಂದ ಗಂಡ
ಮೆಣಸಿನ ಬಳ್ಳಿ ಹಿಡಿದುಕೊಂಡೇ ಬಿದ್ದು ಸತ್ತ.
ಬ್ಯಾಂಕಿನಲ್ಲಿ ಹದಿನಾಲ್ಕು ಸಾವಿರದ ಆರುನೂರು ಇದೆ.
ಲೈನ್ ಮನೆ ಖಾಲಿ ಮಾಡು ಅಂತ ಮ್ಯಾನೇಜರು.

ಸತ್ತವನು ಒಬ್ಬ. ಕಾಗದದಲ್ಲಿ ಮೂವರು.
ತೋಟದ ಚೆಕ್‌ರೋಲಿನಲ್ಲಿ ಸುಬ್ಬ,
ಆಧಾರಿನಲ್ಲಿ ಸುಬ್ರಮಣಿ,
ಪಾಸ್‌ಬುಕ್ಕಿನಲ್ಲಿ ಚುಬ್ರ.
"ಸತ್ತಿದ್ದು ಯಾರು, ಮೊದಲು ಅದನ್ನು ತನ್ನಿ"
ಅಂದರಂತೆ ಕೌಂಟರಿನವರು.
ಆ ಮೂವರಲ್ಲಿ ಯಾರಿಗೂ ತಾನು ಹೆಂಡತಿ ಎಂಬುದಕ್ಕೆ
ಅವಳ ಬಳಿ ಇದ್ದದ್ದು ಎರಡು ಮಕ್ಕಳು.

ಟೈಪು ಮಾಡಿದೆ. ಸದರಿ ಮೃತರು,
ಮೇಲ್ಕಂಡ ಅರ್ಜಿದಾರಳು, ತಮ್ಮಲ್ಲಿ ವಿನಮ್ರವಾಗಿ.
ತಹಶೀಲ್ದಾರರಿಗೆ ಒಂದು, ಮ್ಯಾನೇಜರಿಗೆ ಒಂದು,
ಬ್ಯಾಂಕಿಗೆ ಒಂದು; ಅದು ಹಿಂದೆ ಬಂತು, ಮತ್ತೊಂದು.
ನಾಲ್ಕು ಸಲ ನಲವತ್ತು. ಕೊನೆಯ ಸಲ ಕೊಟ್ಟ
ಹತ್ತರ ನೋಟುಗಳಲ್ಲಿ ಕಾಳುಮೆಣಸಿನ ಘಾಟು ಇತ್ತು.

ಈಗ ಹೇಳಿಬಿಡುತ್ತೇನೆ.
ನನ್ನ ಮೇಜಿನಿಂದ ಇಪ್ಪತ್ತೆರಡು ಹೆಜ್ಜೆಗೆ,
ಮೆಟ್ಟಿಲ ಕೆಳಗೆ, ಒಂದು ಕೋಣೆ ಇದೆ.
ಉಚಿತ ಕಾನೂನು ನೆರವು ಅಂತ ಹಲಗೆ.
ಮುಂದೆ ಯಾರೋ ಬೀರು ತಂದು ನಿಲ್ಲಿಸಿ
ಕಾಣುವುದು 'ನೆರವು'ವಿನ ಬಾಲ ಮಾತ್ರ.
ಹನ್ನೊಂದು ವರ್ಷದಿಂದ ಅದನ್ನು ನೋಡುತ್ತಿದ್ದೇನೆ.
ಒಬ್ಬರನ್ನೂ ಕಳಿಸಿಲ್ಲ.
ಕಳಿಸಿದರೆ ನಲವತ್ತು ಹೋಗುತ್ತದೆ, ಅಷ್ಟೇ ಕಾರಣ.
ಸುಳ್ಳು ಹೇಳಿದವನಲ್ಲ. ಯಾರೂ ಕೇಳಲಿಲ್ಲ.
ಕೇಳಬಹುದೆಂದು ಗೊತ್ತಿರಬೇಕಲ್ಲ ಅವರಿಗೆ.

ಐದನೆಯ ಸಲ ಅವಳ ಹತ್ತಿರ ದುಡ್ಡಿರಲಿಲ್ಲ.
ಎಲೆಯಲ್ಲಿ ಸುತ್ತಿದ ಕಣಿಲೆ ಮೇಜಿನ ಮೇಲಿಟ್ಟು
ಮಳೆಗೆ ಅರ್ಧ ಹೊರಗೆ, ಅರ್ಧ ಒಳಗೆ ನಿಂತಳು.
ಯಂತ್ರಕ್ಕೆ ಹಾಳೆ ಏರಿಸಿದೆ. ಇಳಿಸಿದೆ.
"ಬಾ" ಎಂದೆ.
ಹೆಜ್ಜೆ ಎಣಿಸಿದ್ದು ಅವತ್ತೇ.

ಒಳಗೆ ವಕೀಲೆ ದೇಚಮ್ಮ,
ತಿತಿಮತಿ ಕಡೆಯ ಯರವರ ಹಾಡಿಯ ಹುಡುಗಿ ಸಿಂಧು.
ಬೊಳ್ಚಿಯನ್ನು ಕುರ್ಚಿಯಲ್ಲಿ ಕೂರಿಸಿದರು.
ನನ್ನ ಮೇಜಿನೆದುರು ಕುರ್ಚಿಯೇ ಇಲ್ಲ ಎಂದು ಆಗ ಹೊಳೆಯಿತು.
ಸಿಂಧು ಅವಳ ಮಾತಿನಲ್ಲೇ ಕೇಳಿದಳು,
ಮನೆಯಲ್ಲಿ ಅವನನ್ನು ಏನಂತ ಕರೆಯುತ್ತಿದ್ದೆ?
ಬೊಳ್ಚಿ ಬಹಳ ಹೊತ್ತು ಸುಮ್ಮನಿದ್ದಳು.
ಕರೆದೇ ಇಲ್ಲವಂತೆ, ಹೆಸರು ಹಿಡಿದು, ಒಮ್ಮೆಯೂ.
ತೋಟದಿಂದ ಬರುವಾಗ ಅವನು ಕೆಮ್ಮುತ್ತಿದ್ದ,
ಆ ಕೆಮ್ಮು ಕೇಳಿ ಇವಳು ಒಲೆಗೆ ಸೌದೆ ನೂಕುತ್ತಿದ್ದಳು.
ದೇಚಮ್ಮ ಪೆನ್ನು ಎತ್ತಿ ಹಿಡಿದೇ ಇದ್ದರು.
ಕೆಮ್ಮನ್ನು ಯಾವ ಕಲಮಿನಲ್ಲಿ ಬರೆಯುವುದು?

ಮೂವರೂ ಒಬ್ಬನೇ ಎಂದು ಕೊನೆಗೆ ಬರೆದರು.
ಸಾಕ್ಷಿಗೆ ತೋಟದ ಮೇಸ್ತ್ರಿ ಬೇಕು, ಅವನಿನ್ನೂ ಬಂದಿಲ್ಲ.
ಮುಂದಿನ ತಾರೀಕು ಹದಿನೇಳು.
ಮ್ಯಾನೇಜರಿಗೆ ಹೋದ ನೋಟೀಸಿನಲ್ಲಿ
'ವಿನಮ್ರವಾಗಿ' ಇರಲಿಲ್ಲ.
ಲೈನ್ ಮನೆಯ ಕೀಲಿ, ಸದ್ಯಕ್ಕೆ,
ಅವಳ ಸೆರಗಿನ ಗಂಟಿನಲ್ಲೇ ಇದೆ.

ಬೀರು ಸರಿಸಲು ಹೋದೆ. ಸರ್ಕಾರದ್ದು, ಮುಟ್ಟಬೇಡಿ ಎಂದ ಜವಾನ.
ಅದಕ್ಕೇ ಒಂದು ರಟ್ಟಿನ ಮೇಲೆ ಇದ್ದಿಲಲ್ಲಿ ಬರೆದು
ಯಂತ್ರಕ್ಕೆ ಒರಗಿಸಿದ್ದೇನೆ:
ದುಡ್ಡಿಲ್ಲದವರಿಗೂ ವಕೀಲರಿದ್ದಾರೆ. ನನ್ನನ್ನು ಕೇಳಿ.
ಓದು ಬಾರದವರು ಹೇಗೂ ಓದುವುದಿಲ್ಲ,
ಅವರನ್ನು ಕಂಡರೆ ಕೂಗುತ್ತೇನೆ.

ಈ ತಿಂಗಳು ರಿಬ್ಬನ್ ಕೊಂಡಿಲ್ಲ.
ಅಕ್ಷರ ತೆಳ್ಳಗೆ ಬೀಳುತ್ತಿವೆ, ಸ ಕಾಣುವುದೇ ಇಲ್ಲ.
ಮೇಜಿನೆದುರು ಒಂದು ಸ್ಟೂಲು ಹಾಕಿದ್ದೇನೆ.
ಒಂದು ಕಾಲು ಕುಂಟು,
ಕೂರುವವರು ಸ್ವಲ್ಪ ಎಡಕ್ಕೆ ಕೂರಬೇಕು.