ಗೂಡ್ಸ್ ಗಾಡಿ ಹೋಗುವಷ್ಟು ಹೊತ್ತು

ಹಾಸನದಿಂದ ಬಂದ ಬಿ.ಎಡ್. ಹುಡುಗಿ
ಹದಿನೈದು ದಿನ ನನ್ನ ಗಣಿತದ ಪಾಠಕ್ಕೆ ಹಿಂದಿನ ಬೆಂಚಲ್ಲಿ ಕೂತಳು.
ಮಾತಿಲ್ಲ. ಹಾಳೆ ತುಂಬ ಪೆನ್ಸಿಲ್ ಗೀಟು.
ಹೋಗುವ ದಿನ ಅದನ್ನು ನನ್ನ ಮೇಜಿನ ಮೇಲಿಟ್ಟು
ತಪ್ಪು ತಿಳೀಬೇಡಿ ಮೇಡಂ, ಅಂದಳು.

ಹುಡುಗರನ್ನು ಕೇಳಿ ನಾನು ಕಾದದ್ದು ಆರು ಸೆಕೆಂಡು.
ಹುಡುಗಿಯರನ್ನು ಕೇಳಿ ಕಾದದ್ದು ಎರಡು.

ಎರಡು.
ಸೀಮೆಸುಣ್ಣ ಕೈಬದಲಿಸುವಷ್ಟು.
ಸೆರಗು ಸರಿಮಾಡಿಕೊಳ್ಳುವಷ್ಟೂ ಅಲ್ಲ.

ಸಿಟ್ಟು ಬಂತು ಮೊದಲು. ನಾನೂ ಹೆಣ್ಣಲ್ಲವೇನೇ?
ಅರಸೀಕೆರೆಯಲ್ಲಿ ಇಪ್ಪತ್ತೆರಡು ವರ್ಷ
ಹುಡುಗೀರು ಓದಲಿ ಓದಲಿ ಎಂದು ಬಡಿದುಕೊಂಡವಳು.
ಬಾಣಾವರದ ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು
ನನ್ನನ್ನು ಒಂದು ದಿನವೂ ಏನೂ ಕೇಳಲಿಲ್ಲ, ಪಾಪ ಅಂತ.
ಅದನ್ನು ಒಳ್ಳೆಯತನ ಅಂದುಕೊಂಡಿದ್ದೆ.

ಅವಳನ್ನು ಬಸ್ಸು ಹತ್ತಿಸಿ ಬಂದು ನೋಟ್ಸುಗಳ ಕಟ್ಟು ಬಿಚ್ಚಿದೆ.
ಭುವನಾಳ ಪುಸ್ತಕದಲ್ಲಿ ನನ್ನ ಕೆಂಪು ಶಾಯಿ: ಅಕ್ಷರ ಮುದ್ದಾಗಿದೆ.
ಮುಬೀನಾಳದರಲ್ಲಿ: ಅಕ್ಷರ ಮುದ್ದಾಗಿದೆ.
ಮೋನಿಷಾಳದರಲ್ಲೂ ಅದೇ, ಜೊತೆಗೊಂದು ಗುಲಾಬಿ ಸ್ಟಿಕ್ಕರ್.
ತೇಜೇಶನದು ಕೋಳಿ ಕೆದಕಿದ ತಿಪ್ಪೆ, ಎಂಟರಲ್ಲಿ ಮೂರು ಸರಿ.
ಅಲ್ಲಿ ಬರೆದಿದ್ದೆ: ತಲೆಯಿದೆ, ಗಮನ ಸಾಲದು.

ತಲೆಯಿದೆ.
ಮುದ್ದಾಗಿದೆ.

ಆ ಆರು ಸೆಕೆಂಡಾದರೂ ಯಾರಿಗೆ ಸುಖ?
ನಿನಗೆ ಬರುತ್ತೆ ಕಣೋ, ಯೋಚಿಸು, ಯೋಚಿಸು ಎಂದು ನಾನು ಕಾದರೆ
ಚಿರಂತ್ ಬೆವರುತ್ತ ಕಿಟಕಿಯ ಕಂಬಿ ನೋಡುತ್ತಾನೆ.
ಅವನಿಗೆ ಬರುವುದಿಲ್ಲ. ಅವನಿಗೆ ಬರುವುದು ರಂಗೋಲಿ;
ಗಣರಾಜ್ಯೋತ್ಸವಕ್ಕೆ ನಾನೇ ಅದನ್ನು ಹುಡುಗಿಯರ ಕೈಗೆ ಕೊಟ್ಟು
ಅವನನ್ನು ಮೈಕಿನ ವೈರು ಎಳೆಯಲು ಕಳಿಸಿದ್ದೆ.

ನಮ್ಮ ಶಾಲೆ ಹಳಿಯ ಪಕ್ಕ.
ಗೂಡ್ಸ್ ಬಂತೆಂದರೆ ಪಾಠ ನಿಲ್ಲಬೇಕು, ಹಲಗೆಯೇ ನಡುಗುತ್ತದೆ.
ಮೊನ್ನೆ ಗುರುವಾರ, ನಲವತ್ತೇಳು ಗುಣಿಸು ಐವತ್ಮೂರು.
ಮುಬೀನಾ, ನೀನು ಹೇಳು ಅಂದೆ,
ಅನ್ನುವಾಗಲೇ ಕಣ್ಣು ತೇಜೇಶನ ಕಡೆ ಹೊರಳಿತ್ತು,
ಅಷ್ಟರಲ್ಲಿ ಗಾಡಿ.

ಎದ್ದವಳು ನಿಂತೇ ಇದ್ದಳು. ನಾನೂ ನಿಂತೇ.
ಬೇರೆ ಹೆಸರು ಕೂಗಿದರೆ ಯಾರಿಗೂ ಕೇಳುವಂತಿಲ್ಲ.
ಅದಿರಿನ ಬೋಗಿಯ ಹಿಂದೆ ಅದಿರಿನ ಬೋಗಿ,
ಮುಗಿಯಿತು ಎನ್ನುವಾಗ ಇನ್ನೊಂದು.
ಅವಳ ತುಟಿ ಅಲ್ಲಾಡುತ್ತಿತ್ತು. ಬೆರಳು ವೇಲಿನ ಅಂಚಲ್ಲಿ
ಏನೋ ಬರೆದು ಅಳಿಸುತ್ತಿತ್ತು,
ರಜೆಯಲ್ಲಿ ಅಮ್ಮನ ಜೊತೆ ಮಂಡಿಯ ಕೊಬ್ಬರಿ ಆರಿಸುವ ಬೆರಳು.

ಗಾರ್ಡಿನ ಡಬ್ಬಿ ದಾಟಿತು.
ಐವತ್ತೈವತ್ಲ ಎರಡೂವರೆ ಸಾವಿರ ಮಿಸ್,
ಇದು ಮೂರು ಕಮ್ಮಿ, ಅದು ಮೂರು ಜಾಸ್ತಿ,
ಮೂರ್ಮೂರ್ಲ ಒಂಬತ್ತು ತೆಗೆದುಬಿಟ್ರೆ ಆಯ್ತು.

ಹಲಗೆಯ ಮೇಲೆ ಉದ್ದಕ್ಕೆ ಗುಣಿಸಿ ನೋಡಿದೆ. ಸರಿ.
ತೇಜೇಶ ತಿರುಗಿ ಅವಳನ್ನು ನೋಡಿದ;
ಬೋಗಿ ಐವತ್ತೆಂಟಿತ್ತು ಅಂದ, ಏನಾದರೂ ಹೇಳಲೇಬೇಕು ಎಂಬಂತೆ.
ಐವತ್ತೊಂಬತ್ತು, ಅಂದಳು ಮುಬೀನಾ, ಕೂತುಕೊಳ್ಳುತ್ತ.

ಗಾಡಿ ದಿನಾ ನನ್ನ ಪಿರಿಯಡ್ಡಿಗೇ ಬರುವುದಿಲ್ಲ.
ಬಾರದ ದಿನ ಪ್ರಶ್ನೆ ಕೇಳಿ, ಬಾಯಿ ಬಿಗಿಹಿಡಿದು
ಮನಸ್ಸಿನಲ್ಲೇ ಬೋಗಿ ಎಣಿಸುತ್ತೇನೆ. ಒಂದು. ಎರಡು. ಮೂರು.
ಮೋನಿಷಾ ನೆಲ ನೋಡುತ್ತಾಳೆ.
ನಾಲ್ಕು.
ಐದಕ್ಕೆ ಬಾಯಿ ತಾನೇ ತೆರೆದುಕೊಳ್ಳುತ್ತದೆ, ಹಾಳಾದ್ದು,
ಗೊತ್ತಿಲ್ವಾ, ಕೂತ್ಕೋ ಮಗಳೇ ಅನ್ನುತ್ತದೆ,
ಎಷ್ಟು ಮೆತ್ತಗೆ.