ಎರಡನೇ ಗೇರು

ಶನಿವಾರದ ಕೊನೆಯ ಟ್ರಿಪ್ಪಿನಲ್ಲೇ
ಬೇತ್ರಿ ಸೇತುವೆಯ ಗೂಡಂಗಡಿಯಲ್ಲಿ
ಉಪ್ಪು ಹಾಕಿದ ಗಂಜಿತಿಳಿ ಒಂದು ಬಾಟಲಿ ಇಟ್ಟು ಬಂದೆ.
"ಯಾರಿಗೆ?" ಅಂದರು ಆಯಿಷುಮ್ಮ.
"ನಾಳೆ ಓಡಿ ಬರುವ ನನಗೆ."

ಹನ್ನೊಂದು ವರ್ಷ ಈ ದಾರಿಗೆ ಟಿಕೆಟ್ ಹರಿದವನು ನಾನು.
ಮೇಕೇರಿ, ಹಾಕತ್ತೂರು, ಮೂರ್ನಾಡು,
ಸ್ಟೇಜಿಗೆ ಇಷ್ಟೆಂದು ಚಿಲ್ಲರೆ ಎಣಿಸಿದೆನೇ ಹೊರತು
ಏರಿಗೆ ಬೇರೆ ದರವಿದೆಯೆಂದು ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಡ್ರೈವರ್ ಬೆಳ್ಯಪ್ಪನಿಗೆ:
"ಏರು ಕಂಡ ಮೇಲೆ ಗೇರು ಇಳಿಸುವವ ಹೊಸಬ.
ತಿರುವಿಗೆ ಮೊದಲೇ ಇಳಿಸು, ಇಂಜಿನ್ ಅಳಬಾರದು.
ಇಳಿಜಾರಲ್ಲಿ ನ್ಯೂಟ್ರಲ್ ಬೇಡ ಮಾರಾಯ,
ನಿನಗಿರುವ ಬ್ರೇಕು ಮಂಡಿ ಒಂದೇ."

ಐದೂಕಾಲಕ್ಕೆ ಮಡಿಕೇರಿ ಬಿಟ್ಟೆ.
ಜೇಬಲ್ಲಿ ಬೆಲ್ಲ, ಹಳೇ ಟ್ರಿಪ್ ಶೀಟಿನಲ್ಲಿ ಸುತ್ತಿದ್ದು.
ಇಳಿಜಾರು ಕೈಹಿಡಿದು ಎಳೆಯಿತು; ನಾನು ಬಗ್ಗಲಿಲ್ಲ.
ಒಂದಿಡೀ ಮಾತು ಆಡುವಷ್ಟು ಉಸಿರು ಉಳಿದಿರಬೇಕು,
ಅದಕ್ಕೇ ಖಾಲಿ ರಸ್ತೆಗೆ ಹೇಳುತ್ತ ಓಡಿದೆ:
"ಮುಂದೆ ಜಾಗ ಇದೆ, ಒಳಗೆ ಹೋಗಿ, ಒಳಗೆ ಹೋಗಿ."

ಬೇತ್ರಿ ದಾಟಿದ ಏರಿನಲ್ಲಿ
ಮಾತು ಸವೆದು "ಒಳಗೆ" ಮಾತ್ರ ಉಳಿಯಿತು.
ಆಮೇಲೆ ಅದೂ ಇಲ್ಲ.
ನಡೆದೆ. ನಾಚಿಕೆಯಿಲ್ಲದೆ ನಡೆದೆ.

ಹಿಂದಿನಿಂದ ನಮ್ಮದೇ ಬಸ್ಸು ನರಳುತ್ತ ಬಂತು.
ಬಾಗಿಲಲ್ಲಿ ಬದಲಿ ಹುಡುಗ: "ಹತ್ತಣ್ಣ!"
ಬೆಳ್ಯಪ್ಪ ತಿರುಗಿಯೂ ನೋಡಲಿಲ್ಲ.
ಕಿಟಕಿಯಿಂದ ಅವನ ಅಂಗೈ ಮಾತ್ರ ಹೊರಬಂದು
ಗಾಳಿಯನ್ನು ಒತ್ತಿತು: ಮೆಲ್ಲ, ಮೆಲ್ಲ.

ಕಾಕೋಟುಪರಂಬಿನ ಮಟ್ಟಸ ಸಿಕ್ಕಾಗ
ಬಸ್ಸಿನ ತಗಡಿಗೆ ಬಡಿಯುವಂತೆ
ತೊಡೆಗೆ ಎರಡೇಟು ಬಡಿದೆ.
ರೈಟ್.