ಎಡಗಿವಿಯ ಹಿಂದಿನ ಎಳೆ

ಇರ್ಕುತ್ಸ್ಕ್‌ನಲ್ಲಿ ಬೋಗಿಯ ಸಮೋವಾರ್‌ಗೆ
ಕಲ್ಲಿದ್ದಲು ತುಂಬುವಾಗ ಬಂತು
ನೀನು ಹುಟ್ಟಿದ ಸುದ್ದಿ. ಮೊದಲ ಹಲ್ಲು, ಪೆರ್ಮ್.
ನಡೆದೆಯಂತೆ. ಆಗ ಎಲ್ಲಿದ್ದೆನೋ,
ಕಿಟಕಿಯಾಚೆ ಬರೀ ಬರ್ಚ್ ಮರ.

ಬಿಳಿ ತಿಂಗಳ ಹಬ್ಬದ ಮಾಂಸದ ಕಡುಬು
ಬಾಲ್ಕನಿಯ ಚಳಿಯಲ್ಲಿ ಕಲ್ಲಾಗಿ ಕಾಯುತ್ತದೆ.
ಹಬ್ಬ ಅಂದರೆ ನನಗೆ, ಆಮೇಲೆ ಬಿಸಿ ಮಾಡಿದ್ದು.

ಈ ಸಲ ನಿನ್ನ ಕೂದಲು ತೆಗೆಯುವ ಶಾಸ್ತ್ರ.
ನಾಲ್ಕು ತುಂಬಿತಲ್ಲ, ಅನುಂಗೂ.
ಅಜ್ಜ ಮೊದಲು, ಆಮೇಲೆ ಒಬ್ಬೊಬ್ಬರೂ
ಒಂದೊಂದು ಎಳೆ ಕತ್ತರಿಸಿ ನೀಲಿ ವಸ್ತ್ರಕ್ಕೆ ಹಾಕಿ
ನಿನ್ನ ಕೈಗೆ ಕಾಸಿಟ್ಟರು.
ಅಕ್ಕ ಸರಂತುಯಾ ಹಟಮಾರಿ:
ಎಡಗಿವಿಯ ಹಿಂದೆ ನನ್ನ ಪಾಲು ಉಳಿಸಿದಳು.

ಹನ್ನೊಂದು ದಿನ
ಬೋಳು ತಲೆಗೊಂದು ಬಾಲ ಹೊತ್ತು
ಶಿಶುವಿಹಾರಕ್ಕೆ ಹೋದೆ.
ಯಾರೋ ಎಳೆದರಂತೆ. ನೀನು ಕಚ್ಚಿದೆಯಂತೆ.
"ಇದು ರೈಲು ಚಿಕ್ಕಮ್ಮನದು."

ಓಡುವ ಗಾಡಿಯಲ್ಲಿ ತುಂಬಿದ ಚಹಾ ಲೋಟ ಹಿಡಿದು
ಹನಿ ಚೆಲ್ಲದೆ ನಡೆಯುವವಳು ನಾನು.
ಅಲುಗದ ಈ ನೆಲದ ಮೇಲೆ ಕತ್ತರಿ ನಡುಗಿತು.
ನೀನು ಅಂಗೈಯಲ್ಲಿ ಕಿವಿ ಮುಚ್ಚಿಕೊಂಡೆ:
"ಇವತ್ತು ಬೇಡ. ನೀನು ಹೊರಡುವ ದಿನ."

ಗುರುವಾರ ನನ್ನ ಗಾಡಿ. ಯಾರೂ ಅದನ್ನೆತ್ತಲಿಲ್ಲ.
ಅಕ್ಕ ಒಲೆ ಹಚ್ಚಿ ನೀರಿಟ್ಟಳು,
ಎಷ್ಟು ಕಡುಬು ಬೇಕೆಂದು ಕೇಳಿ
ಹೇಳುವ ಮೊದಲೇ ಹತ್ತು ಜಾಸ್ತಿ ಹಾಕಿದಳು.